ಕುಕ್ಕರಿನ ಮೂರನೇ ಕೂಗು

ಇರುವ ಮನೆಗೆ ಬೀಗ ಹಾಕಿ, ಮರದ ಕೆಳಗೆ ಮೂರು ದಿನ ಅಡುಗೆ ಮಾಡಿಕೊಂಡು ತಿಂದು ಬರುವುದಕ್ಕೆ ಈ ದೇಶದಲ್ಲಿ ಕ್ಯಾಂಪಿಂಗು ಎನ್ನುತ್ತಾರೆ. ನಮ್ಮ ಮೈಸೂರಿನಲ್ಲಿ ಯಾರಾದರೂ ಹಾಗೆ ರಸ್ತೆ ಪಕ್ಕದಲ್ಲಿ ಒಲೆ ಹೂಡಿದ್ದರೆ, ಅಯ್ಯೋ ಪಾಪ ಎಂದು ಒಂದೆರಡು ಹಳೆಯ ಸೀರೆ ಕೊಟ್ಟು ಬರುತ್ತಿದ್ದೆವು. ಇಲ್ಲಿ ಅದಕ್ಕೆ ತಿಂಗಳುಗಟ್ಟಲೆ ಮೊದಲೇ ಫೋನು ಮಾಡಿ ಜಾಗ ಕಾದಿರಿಸಬೇಕು. ಕೊಡುವ ಜಾಗವಾದರೂ ಏನು? ನಂಬರು ಬರೆದ ಒಂದು ಗೂಟ, ಒಂದು ಮರದ ಮೇಜು, ಮಸಿ ಹಿಡಿದ ಒಂದು ಕಬ್ಬಿಣದ ಬಳೆ. ಆ ಬಳೆಯೊಳಗೆ ಸೌದೆ ಉರಿಸಿ, ಚಡ್ಡಿ ತೊಟ್ಟ ಗಂಡಸರು ಸುತ್ತ ಕುಳಿತು, ಬೆಂಕಿಯನ್ನು ತಾವೇ ಕಂಡುಹಿಡಿದವರ ಹಾಗೆ ನೋಡುತ್ತಿರುತ್ತಾರೆ. ಎಂಬತ್ತರ ದಶಕದ ಐದಾರು ಬೇಸಿಗೆಗಳನ್ನು ನಾನು ಆ ಹೊಗೆ ಕುಡಿದು ಕಳೆದಿದ್ದೇನೆ.

ನಾವಿದ್ದುದು ಯೂನಿಯನ್ ಸಿಟಿಯಲ್ಲಿ. ಇವರು, ಎಂದರೆ ನನ್ನ ಯಜಮಾನರು, ಎಂಜಿನಿಯರು. ಒಂದು ಸಂಜೆ ಆಫೀಸಿನಿಂದ ಬರುವಾಗ ನಮ್ಮ ಸ್ಟೇಷನ್ ವ್ಯಾಗನ್ನಿನ ಹಿಂದೆ ಒಂದು ಟ್ರೇಲರು ಕಟ್ಟಿಕೊಂಡು ಬಂದರು. ಆಫೀಸಿನವನೊಬ್ಬ ಕೆಲಸ ಬಿಟ್ಟು ಅರಿಜೋನಾ ಕಡೆ ಹೊರಟಿದ್ದನಂತೆ; ಹೋಗುವ ಮುಂಚೆ ಅದನ್ನು ಇವರ ಕೊರಳಿಗೆ ಕಟ್ಟಿದ್ದ. ಬಿಳಿ ತಗಡಿನ ಡಬ್ಬಿ, ನಡುವಿಗೊಂದು ಹಳದಿ ಪಟ್ಟಿ. ಒಳಗೆ ಮಡಿಸುವ ಮೇಜು, ಮಡಿಸುವ ಮಂಚ, ನಿಂತರೆ ಎರಡು ಮೊಣಕೈಯೂ ಗೋಡೆಗೆ ತಾಗುವಂಥ ಬಚ್ಚಲು. ಇವರು ಬಾಗಿಲು ತೆಗೆದು ತೋರಿಸುತ್ತಿದ್ದಂತೆ ಒಳಗಿನಿಂದ ಒಂದು ನಾಯಿಯೂ ಇಳಿಯಿತು. ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಿಚಿದ್ದು.

“ಇದೂ ಜೊತೇಲೇ ಬರತ್ತೆ ಅಂತ ಹೇಳೋಕೆ ಮರ್ತೆ ಕಣೇ,” ಎಂದರು ಇವರು.

ಹತ್ತು ವರ್ಷದ ಮಗಳು ಆಗಲೇ ಅದರ ಕೊರಳು ತಬ್ಬಿ ಕುಳಿತಿದ್ದಳು. ಅವಳ ಮುಖ ನೋಡಿ ನಾನು ಮಾತು ನುಂಗಿಕೊಂಡೆ. ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ಆದರೆ ಆಡುತ್ತಿರಲಿಲ್ಲ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ, ಅದೂ ಅರ್ಧ. ನಾಯಿಯ ಜೊತೆ ಮಾತ್ರ ಗಂಟೆಗಟ್ಟಲೆ ಮಾತಾಡುತ್ತಿದ್ದಳು. ಅದಕ್ಕೂ ಒಂದು ಇಂಗ್ಲಿಷ್ ಹೆಸರಿತ್ತು. ನಾನು ಒಂದು ದಿನವೂ ಆ ಹೆಸರು ಹಿಡಿದು ಕರೆಯಲಿಲ್ಲ. ನನಗೂ ಅದಕ್ಕೂ ಇದ್ದ ಮಾತು ಒಂದೇ: ಹೋಗು. ಅಡುಗೆಮನೆಯ ಹೊಸ್ತಿಲಿಗೆ ಮೂಗು ತಂದರೆ ಹೋಗು ಎನ್ನುತ್ತಿದ್ದೆ, ಅದು ಎದ್ದು ಹೋಗುತ್ತಿತ್ತು. ಆ ಮನೆಯಲ್ಲಿ ನಾನು ಹೇಳಿದ್ದನ್ನು ಮರುಮಾತಿಲ್ಲದೆ ಕೇಳುತ್ತಿದ್ದುದು ಅದೊಂದೇ.

ಅಡುಗೆಮನೆಗೆ ಒಂದು ಮೊಳ ದೂರದಲ್ಲಿ, ಹಾಲಿನ ಕಾರ್ಪೆಟ್ಟು ಮುಗಿಯುವ ಅಂಚಿನಲ್ಲಿ, ಅದಕ್ಕೊಂದು ಗಡಿ ಹಾಕಿಕೊಟ್ಟಿದ್ದೆ. ದಿನಾ ಸಂಜೆ ಕುಕ್ಕರು ಮೂರು ಸಲ ಕೂಗಿ, ನಾನು ಒಲೆ ಆರಿಸಿ, ಅನ್ನ ಆರಿದ ಮೇಲೆ ಒಂದು ಹಳೆಯ ತಟ್ಟೆಯಲ್ಲಿ ಮೊಸರು ಕಲೆಸಿ ಆ ಗಡಿಯಾಚೆ ಇಡುತ್ತಿದ್ದೆ. ಪ್ರೀತಿಯಿಂದಲ್ಲ. ಅಂಗಡಿಯಲ್ಲಿ ನಾಯಿಗೆಂದೇ ಮಾರುವ ಊಟದ ಡಬ್ಬಿಗಳ ನಾತ ತಡೆಯಲಾರದೆ. ಒಂದನೇ ಕೂಗಿಗೆ ನಾಯಿ ಹಿತ್ತಲಲ್ಲೇ ಇರುತ್ತಿತ್ತು, ಎರಡನೆಯದಕ್ಕೂ ಏಳುತ್ತಿರಲಿಲ್ಲ. ಮೂರನೆಯದು ಕೂಗಿದ ತಕ್ಷಣ ಬಂದು ಗಡಿಯ ಮೇಲೆ ಕೂರುತ್ತಿತ್ತು. ಎಣಿಸಲು ಅದಕ್ಕೆ ಯಾರು ಕಲಿಸಿದರೋ ನನಗೆ ಗೊತ್ತಿಲ್ಲ.

ಟ್ರೇಲರು ಬಂದ ಮೇಲೆ ಇವರು ಬೇರೆಯೇ ಮನುಷ್ಯರಾದರು. ಕೌಂಟಿ ಪಾರ್ಕುಗಳ ನಕ್ಷೆಗಳನ್ನು ಊಟದ ಮೇಜಿನ ಮೇಲೆ ಹರಡುತ್ತಿದ್ದರು. ಊರಿನಲ್ಲಿ ಕಾಫಿ ಕುಡಿದ ಲೋಟವನ್ನು ಕೂತ ಜಾಗದಿಂದ ಎತ್ತದ ಮಹಾನುಭಾವರು, ಅಜ್ಜ ಪೌರೋಹಿತ್ಯ ಮಾಡುತ್ತಿದ್ದರು ಎಂದು ಎರಡು ದಿನಕ್ಕೊಮ್ಮೆ ನೆನಪಿಸುವವರು, ಈಗ ಪ್ರತಿ ಭಾನುವಾರ ಮಧ್ಯಾಹ್ನ ಪಾರ್ಕಿನ ಗೇಟಿನ ಬಳಿ ಸಾಲಿನಲ್ಲಿ ನಿಂತು, ಕೈಗೆ ರಬ್ಬರು ಗವಸು ಹಾಕಿ, ಟ್ರೇಲರಿನ ಪಾಯಿಖಾನೆ ತೊಟ್ಟಿಗೆ ದಪ್ಪ ಕೊಳವೆ ಸಿಕ್ಕಿಸಿ ನೆಲದ ತೂತಿಗೆ ಬಿಡುತ್ತಿದ್ದರು. ಹಿಂದೆ ನಿಂತವನ ಜೊತೆ ಕೊಳವೆಯ ಅಳತೆಯ ಬಗ್ಗೆ ನಗುನಗುತ್ತಾ ಮಾತು ಬೇರೆ. ಅದೇ ಕೆಲಸವನ್ನು ಮನೆಯಲ್ಲಿ ಹೇಳಿದ್ದರೆ ಮೂರು ದಿನ ಮುಖ ಊದಿಸಿಕೊಳ್ಳುತ್ತಿದ್ದರು. ನಾನು ಕಾರಿನಲ್ಲಿ ಕಿಟಕಿ ಏರಿಸಿ ಕುಳಿತಿರುತ್ತಿದ್ದೆ.

ಇಷ್ಟು ಸಾಲದೆಂದು ಒಂದು ಬೇಸಿಗೆಯಲ್ಲಿ ಇವರು ಕನ್ನಡದವರನ್ನೆಲ್ಲ ಕ್ಯಾಂಪಿಂಗಿಗೆ ಹೊರಡಿಸಿದರು. ಬೆರ್ರಿಯೆಸಾದ ನಾಲ್ಕು ಸಂಸಾರ, ಸ್ಯಾನ್ ರಮೋನಿನ ಒಬ್ಬ ಡಾಕ್ಟರ ಸಂಸಾರ, ನಾವು. ಲಿವರ್ಮೋರಿನ ಆಚೆ ಗುಡ್ಡಗಳ ನಡುವೆ ಕೆರೆಯಿದ್ದ ಒಂದು ಪಾರ್ಕು. ಬೇಸಿಗೆಯಲ್ಲಿ ಆ ಗುಡ್ಡಗಳ ಮೇಲೆ ಒಂದು ಹಸಿರು ಗರಿಕೆಯೂ ಇರುವುದಿಲ್ಲ, ಬರೀ ಒಣಹುಲ್ಲು. ಅದನ್ನು ಇಲ್ಲಿಯವರು ಬಂಗಾರದ ಬಣ್ಣ ಎಂದು ಹೊಗಳುತ್ತಾರೆ. ನಮ್ಮವರಾದರೋ ಕಾಡಿಗೆ ಬಂದವರಂತೆ ಬರಲಿಲ್ಲ, ಮದುವೆ ಮನೆಗೆ ಬಂದವರಂತೆ ಬಂದರು. ಇಡ್ಲಿ ಸ್ಟ್ಯಾಂಡು, ಈಳಿಗೆಮಣೆ, ಕಾಫಿ ಫಿಲ್ಟರು, ಊದುಬತ್ತಿ. ಒಬ್ಬರಂತೂ ಚಕ್ಕುಲಿ ಒರಳನ್ನೇ ತಂದಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ಸಂಸಾರಕ್ಕೊಂದರಂತೆ ಆರು ಪ್ರೆಷರ್ ಕುಕ್ಕರು.

ಶುಕ್ರವಾರ ಸಂಜೆ ಆರೂ ಕುಕ್ಕರುಗಳು ಒಂದಾದ ಮೇಲೊಂದು ಕೂಗಿದವು. ನಮ್ಮ ನಾಯಿ ಯಾವ ಮೂರನೇ ಕೂಗನ್ನು ನಂಬಬೇಕೆಂದು ತಿಳಿಯದೆ ಸರಪಳಿಯುದ್ದಕ್ಕೂ ತಿರುಗಿತು. ಪಕ್ಕದ ಜಾಗದ ಹೆಂಗಸು ಮಗುವನ್ನೆತ್ತಿಕೊಂಡು ಕಾರಿನೊಳಗೆ ಹೋದಳು. ಹತ್ತು ನಿಮಿಷದಲ್ಲಿ ಕ್ಯಾಂಪ್ ಹೋಸ್ಟು ಬಂದ. ಹೋಸ್ಟು ಎಂದರೆ ನಿವೃತ್ತನಾದ ಒಬ್ಬ ಮುದುಕ. ಬೇಸಿಗೆಯುದ್ದಕ್ಕೂ ತನ್ನ ಟ್ರೇಲರನ್ನು ಗೇಟಿನ ಬಳಿ ನಿಲ್ಲಿಸಿಕೊಂಡು, ಸಂಬಳವಿಲ್ಲದೆ, ಎದೆಗೊಂದು ಬಿಲ್ಲೆ ಸಿಕ್ಕಿಸಿಕೊಂಡು ಬೇರೆಯವರ ತಪ್ಪು ಹುಡುಕುವವನು. ಬ್ಯಾಟರಿಯ ಪುಟ್ಟ ಗಾಡಿಯಲ್ಲಿ ಬಂದು ಇಳಿದ. ಏನೋ ಸಿಡಿಯುತ್ತದೆ ಎಂದು ಜನ ದೂರು ಕೊಟ್ಟಿದ್ದಾರೆ ಎಂದ. ಇವರು ಎಂಜಿನಿಯರಲ್ಲವೇ, ಅವನಿಗೆ ಕುಕ್ಕರಿನ ವಾಲ್ವು ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸತೊಡಗಿದರು. ಮುದುಕ ಪೂರ್ತಿ ಕೇಳಿದ. ಕೇಳಿ, ಇನ್ನೊಂದು ಸಲ ಈ ಸದ್ದು ಕೇಳಿಸಿದರೆ ಜಾಗ ಖಾಲಿ ಮಾಡಿಸಬೇಕಾಗುತ್ತದೆ ಎಂದು ಹೇಳಿ ಹೊರಟುಹೋದ. ಆಮೇಲೆ ಎರಡು ದಿನ ಆರು ಮನೆಯ ಗೃಹಿಣಿಯರು ಅನ್ನವನ್ನು ಪಾತ್ರೆಯಲ್ಲಿ ಬೇಯಿಸಿ, ಆ ಮುದುಕನಿಗೆ ಹಿಡಿಶಾಪ ಹಾಕಿದರು.

ಈಗ ಡಾಕ್ಟರ ಹೆಂಡತಿಯ ವಿಷಯ ಹೇಳಬೇಕು. ಆಕೆ ಬಹಳ ಮಡಿ. ಅದೂ ಎಂಥ ಮಡಿ? ಅಂಗಡಿಯ ಬ್ರೆಡ್ಡು ನಡೆಯುತ್ತಿತ್ತು, ಏರೋಪ್ಲೇನಿನ ಊಟ ನಡೆಯುತ್ತಿತ್ತು, ನಾಯಿ ಇರುವ ಮನೆಯ ನೀರು ನಡೆಯುತ್ತಿರಲಿಲ್ಲ. ನಮ್ಮ ಮನೆಗೆ ನಾಯಿ ಬಂದ ಸುದ್ದಿ ತಲುಪಿದ ಮೇಲೆ ಅವರ ಮನೆಯ ಗೌರಿ ಹಬ್ಬಕ್ಕೆ ನನಗೆ ಕರೆ ನಿಂತುಹೋಯಿತು. ಆಕೆಯನ್ನು ನೋಡಿ ಉಳಿದವರೂ ಕಲಿತರು. ನಮ್ಮ ಮನೆಗೆ ಬಂದವರು ಅರಿಶಿನ ಕುಂಕುಮ ತೆಗೆದುಕೊಳ್ಳುತ್ತಿದ್ದರು. ತಿಂಡಿ ಕೊಟ್ಟರೆ ಈಗತಾನೇ ಆಯಿತು ಎನ್ನುತ್ತಿದ್ದರು. ಎಲ್ಲರಿಗೂ ಒಂದೇ ದಿನ ಹೊಟ್ಟೆ ತುಂಬಿರುವುದು ಹೇಗೆ ಎಂದು ನನಗೆ ತಿಳಿಯದೆ ಇರಲಿಲ್ಲ. ಆಕೆಯನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಆದರೂ ಆಕೆ ನನ್ನ ಕೈಯಿಂದ ಒಂದು ಲೋಟ ಕಾಫಿ ಕುಡಿದರೆ ಸಾಕೆಂದು ಒಳಗೊಳಗೇ ಹಂಬಲಿಸುತ್ತಿದ್ದೆ. ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಭಾನುವಾರ ಬೆಳಗ್ಗೆ ಆಕೆ ನಮ್ಮ ಮೇಜಿನ ಬಳಿ ಬಂದು ನಿಂತರು. ಹಿಂದಿನ ದಿನ ಹೇಗೋ ಸುಧಾರಿಸಿದ್ದ ಪಾರ್ಕಿನ ಸಾರ್ವಜನಿಕ ಬಚ್ಚಲಿನೊಳಗೆ ಈ ದಿನ ಕಾಲಿಡಲಾಗದೆ ಹಿಂದಿರುಗಿದರಂತೆ. ಸ್ನಾನವಾಗದೆ ದೇವರಿಗೆ ದೀಪ ಹಚ್ಚುವಂತಿಲ್ಲ. ಇವರೂ ಮಗಳೂ ಆಗಷ್ಟೇ ಕೆರೆಗೆ ಹೋಗಿದ್ದರು. ಮಗಳು ತನ್ನ ಟವೆಲನ್ನು ಮರೆತುಹೋಗಿದ್ದಳು; ಅದು ಹಗ್ಗದ ಮೇಲೆ ನೇತಾಡುತ್ತಿತ್ತು.

“ನಿಮ್ಮ ಟ್ರೇಲರಲ್ಲಿ ಬಚ್ಚಲಿದೆಯಂತಲ್ರೀ,” ಎಂದರು ಆಕೆ. “ಆ ನಾಯಿ ಒಂದು ಇಲ್ದೇ ಇದ್ರೆ, ಅಲ್ಲೇ ಸ್ನಾನ ಮುಗಿಸಿ, ನಿಮ್ಮ ಕೈಲೇ ಒಂದ್ ಲೋಟ ಕಾಫಿ ಕುಡ್ಕೊಂಡ್ ಹೋಗ್ತಿದ್ದೆ.”

ಅರ್ಧ ಗಂಟೆ ಬಿಟ್ಟು ಬನ್ನಿ ಎಂದೆ. ನಾಯಿಯ ಹಾಸಿಗೆಯನ್ನು ಕಾರಿಗೆ ಎಸೆದೆ. ಟ್ರೇಲರಿನ ನೆಲವನ್ನು ಎರಡು ಸಲ ಒರೆಸಿದೆ, ಊದುಬತ್ತಿ ಹಚ್ಚಿದೆ. ನಾಯಿಯನ್ನು ನಲ್ಲಿಯ ಆಚೆ, ಗುಡ್ಡದ ಕಾಲುದಾರಿ ಶುರುವಾಗುವಲ್ಲಿದ್ದ ಒಂದು ಓಕ್ ಮರಕ್ಕೆ ಕಟ್ಟಿ ಬಂದೆ. ಅದಕ್ಕೆ ತಿಳಿಯಲಿಲ್ಲ. ಟ್ರೇಲರು ಅದರ ಮನೆ, ನಮಗಿಂತ ಮೊದಲಿನಿಂದ ಅದರ ಮನೆ. ಅಲ್ಲಿಂದ ಒಂದೇ ಸಮನೆ ಕುಂಯ್‌ಗುಟ್ಟಿತು, ಬೊಗಳಿತು. ಆಕೆ ಮಡಿಸೀರೆ ತೋಳ ಮೇಲೆ ಹಾಕಿಕೊಂಡು ಬರುತ್ತಿರುವುದು ಕಾಣಿಸಿತು. ನಾನು ಮರದ ಬಳಿಗೆ ಓಡಿದೆ. ಸುಮ್ಮನಿರು ಎಂದರೆ ಅದಕ್ಕೆ ಅರ್ಥವಾಗುವುದಿಲ್ಲ. ಕೊರಳಪಟ್ಟಿಯ ಕೊಂಡಿ ಕಳಚಿದೆ. ಗುಡ್ಡದ ಕಡೆ ಕೈ ತೋರಿಸಿ, ಹೋಗು ಎಂದೆ. ಅದು ನನ್ನ ಮುಖ ನೋಡಿತು. ಇನ್ನೊಂದು ಸಲ, ಗಟ್ಟಿಯಾಗಿ, ಹೋಗು ಎಂದೆ.

ಅದು ಹೋಯಿತು. ಓಡಲಿಲ್ಲ, ನಡೆದುಕೊಂಡು ಹೋಯಿತು.

ಡಾಕ್ಟರ ಹೆಂಡತಿ ನಮ್ಮ ಟ್ರೇಲರಿನ ನೀರನ್ನೆಲ್ಲ ಖಾಲಿ ಮಾಡಿ ಸ್ನಾನ ಮುಗಿಸಿದರು. ಕಾಫಿ ಕುಡಿದು, ಡಿಕಾಕ್ಷನ್ ಚೆನ್ನಾಗಿ ಇಳಿದಿದೆ ಎಂದು ಮೆಚ್ಚಿಕೊಂಡರು. ಹೊರಡುವಾಗ ಈ ಸಲ ಗೌರಿಗೆ ತಪ್ಪದೆ ಬರಬೇಕು ಎಂದರು. ಆ ಹಬ್ಬಕ್ಕೆ ನಾನು ಹೋಗಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ಹೋದೆ. ರೇಷ್ಮೆ ಸೀರೆ ಉಟ್ಟುಕೊಂಡೇ ಹೋದೆ, ಎರಡು ಸಲ ಹೋಳಿಗೆ ಹಾಕಿಸಿಕೊಂಡೆ.

ಇವರು ಕೆರೆಯಿಂದ ಬಂದು ನಾಯಿಯೆಲ್ಲಿ ಎಂದಾಗ, ನೆರಳಿದೆಯೆಂದು ಮರಕ್ಕೆ ಕಟ್ಟಿದ್ದೆ ಎಂದೆ. ಹೋಗಿ ನೋಡಿದರು. ಸರಪಳಿ ಬಿದ್ದಿತ್ತು. ಕೊಂಡಿ ತಾನಾಗಿಯೇ ಕಳಚಿರಬೇಕು ಎಂದೆ. ಅದು ಸವೆದುಹೋಗಿತ್ತು, ಹೊಸದು ತರಬೇಕೆಂದು ಅಂದುಕೊಂಡು ತರಲೇ ಇಲ್ಲ, ನನ್ನದೇ ತಪ್ಪು ಎಂದು ಇವರು ಹಣೆ ಒತ್ತಿಕೊಂಡರು. ನಾನು ಸರಪಳಿಯನ್ನು ಸುತ್ತಿ ಎತ್ತಿಟ್ಟೆ. ಮಗಳು ಹೆಗಲ ಮೇಲೆ ಟವೆಲು ಹಾಕಿಕೊಂಡು ಒಂದು ಕ್ಷಣ ನಿಂತಿದ್ದಳು. ಆಮೇಲೆ ನಾಯಿಯ ಹೆಸರು ಕೂಗುತ್ತಾ ಗುಡ್ಡ ಹತ್ತಿದಳು.

ಹನ್ನೆರಡಕ್ಕೆ ಎಲ್ಲರೂ ಜಾಗ ಖಾಲಿ ಮಾಡಬೇಕಿತ್ತು. ಐದು ಸಂಸಾರಗಳು ಈಳಿಗೆಮಣೆ, ಇಡ್ಲಿ ಸ್ಟ್ಯಾಂಡುಗಳನ್ನೆಲ್ಲ ತುಂಬಿಕೊಂಡವು. ಎರಡು ದಿನ ಇವರ ಕೈಯಲ್ಲಿ ಗುಡಾರ ಹೊಡೆಸಿಕೊಂಡವರು, ಸೌದೆ ತರಿಸಿಕೊಂಡವರು, ಒಬ್ಬರಾದರೂ ಗುಡ್ಡದ ಕಡೆ ಹತ್ತು ಹೆಜ್ಜೆ ಬರಲಿಲ್ಲ. ಮಕ್ಕಳಿಗೆ ನಾಳೆ ಸ್ವಿಮ್ಮಿಂಗು, ಫ್ರೀವೇಯಲ್ಲಿ ಟ್ರಾಫಿಕ್ಕು ಎಂದರು. ಡಾಕ್ಟರ ಹೆಂಡತಿ ಕಾರಿನ ಕಿಟಕಿ ಇಳಿಸಿ ನನ್ನನ್ನು ಹತ್ತಿರ ಕರೆದರು.

“ನಾಯಿ ತಾನೇ, ಹೋದ್ರೆ ಹೋಯ್ತು ಬಿಡ್ರಿ. ನಿಮಗೂ ಒಂದು ಪೀಡೆ ಕಳೀತು.”

ಹೌದು ಎಂದು ತಲೆಯಾಡಿಸಿದೆ. ಕಾರುಗಳು ಧೂಳೆಬ್ಬಿಸಿಕೊಂಡು ಹೋದವು. ಆಮೇಲೆ ಆ ಬಯಲಿನಲ್ಲಿ ಉಳಿದದ್ದು ನಮ್ಮ ತಗಡಿನ ಡಬ್ಬಿ ಒಂದೇ.

ಹೋಸ್ಟು ಗಾಡಿಯಲ್ಲಿ ಬಂದ. ಜಾಗ ಬಿಡಿಸಲು ಬಂದನೆಂದುಕೊಂಡೆ. ಅವನು ಇವರ ಬಳಿ ನಾಯಿಯ ಬಣ್ಣ, ಎತ್ತರ ಕೇಳಿ ಬರೆದುಕೊಂಡ. ಗುಡ್ಡದಾಚೆ ಕಯೋಟೆಗಳಿವೆ, ನರಿಯಂಥ ಪ್ರಾಣಿಗಳು, ಗುಂಪಾಗಿ ಬರುತ್ತವೆ, ಹೊತ್ತು ಇಳಿಯುವುದರೊಳಗೆ ಸಿಕ್ಕರೆ ಒಳ್ಳೆಯದು ಎಂದ. ಅವನು ಅದನ್ನು ಮಗಳ ಎದುರಿಗೇ ಹೇಳಿದ. ಅವಳು ಅಳಲಿಲ್ಲ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ತಂದೆ ಮಗಳು ಮತ್ತೆ ಗುಡ್ಡ ಹತ್ತಿದರು. ಮೂರು ಗಂಟೆಯವರೆಗೂ ಅವಳ ದನಿ ಅಲ್ಲಿಂದ ಇಲ್ಲಿಂದ ಕೇಳಿಸುತ್ತಿತ್ತು. ಆಮೇಲೆ ಗಂಟಲು ಕಟ್ಟಿರಬೇಕು, ಕೇಳಿಸಲಿಲ್ಲ.

ದನಿ ನಿಂತಾಗ ನನಗೆ ಭಯವಾಯಿತು. ಆ ನಾಯಿ ಅವಳ ಕೂಗಿಗೆ ಬರುವುದಿಲ್ಲ ಎಂಬುದು ಆಗ ಹೊಳೆಯಿತು. ಅದು ಕಳೆದುಹೋದದ್ದಲ್ಲ, ಹೋಗು ಅನ್ನಿಸಿಕೊಂಡು ಹೋದದ್ದು. ಹೋಗು ಎಂದವಳೇ ಬಾ ಎನ್ನಬೇಕು, ಆದರೆ ಬಾ ಎಂದು ನಾನು ಅದನ್ನು ಒಂದು ದಿನವೂ ಕರೆದಿರಲಿಲ್ಲ. ನನ್ನ ಕಡೆಯಿಂದ ಅದಕ್ಕೆ ಗೊತ್ತಿದ್ದ ಕರೆ ಒಂದೇ. ಕ್ಯಾಂಪ್ ಸ್ಟವ್ವನ್ನು ಮೇಜಿನ ಮೇಲಿಟ್ಟೆ, ನಲ್ಲಿಯಿಂದ ಕುಕ್ಕರಿಗೆ ನೀರು ಹಿಡಿದೆ, ಮುಚ್ಚಿ ವೆಯ್ಟು ಹಾಕಿದೆ. ಮೂರು ಸಲ ಕೂಗಿಸಿ ಒಲೆ ಆರಿಸಿದೆ. ಕಾದೆ. ಮತ್ತೆ ಹಚ್ಚಿದೆ. ಎರಡನೆಯ ಸಲದ ಮೂರನೇ ಕೂಗು ಮುಗಿಯುವಷ್ಟರಲ್ಲಿ ಹೋಸ್ಟಿನ ಗಾಡಿ ಬಂತು.

ನನ್ನ ಇಂಗ್ಲಿಷು ಅಂಗಡಿಗೆ ಸಾಕಾಗುವಷ್ಟು. ಅದರಲ್ಲೇ ಹೇಳಿದೆ: ಮನೆಯಲ್ಲಿ ದಿನಾ ಮೂರು ಸಲ ಕೂಗುತ್ತದೆ, ಆಮೇಲೆ ನಾಯಿಗೆ ಊಟ. ಮೂರೇ, ನಾಲ್ಕಲ್ಲ. ಮುದುಕ ಬಿಲ್ಲೆ ಸರಿಮಾಡಿಕೊಂಡು ಕುಕ್ಕರನ್ನು ನೋಡಿದ. ಇಲ್ಲಿ ತಗ್ಗಿನಲ್ಲಿ ಕೂಗಿಸಿದರೆ ಕೆರೆಯ ಕಡೆಗಷ್ಟೇ ಕೇಳಿಸುತ್ತದೆ, ಗುಡ್ಡದ ಮೇಲೆ ಪಾರ್ಕಿನ ನೀರಿನ ತೊಟ್ಟಿಯಿದೆ, ಅದರ ಬಳಿಯಾದರೆ ಎರಡೂ ಕಣಿವೆಗೆ ಕೇಳಿಸುತ್ತದೆ ಎಂದ. ಸ್ಟವ್ವನ್ನು ತಾನೇ ಎತ್ತಿ ಗಾಡಿಯಲ್ಲಿಟ್ಟ. ಬಿಸಿ ಕುಕ್ಕರನ್ನು ಸೆರಗಿನಲ್ಲಿ ಹಿಡಿದುಕೊಂಡು ನಾನು ಪಕ್ಕದಲ್ಲಿ ಕುಳಿತೆ. ಎರಡು ದಿನ ಹಿಡಿಶಾಪ ಹಾಕಿಸಿಕೊಂಡವನು ಅವನು.

ಮೇಲೆ ಬಿಸಿಲು ಸುಡುತ್ತಿತ್ತು. ಮೂರು ಕೂಗು, ಆರಿಸುವುದು, ಕಾಯುವುದು. ಮುದುಕ ಟೋಪಿ ತೆಗೆದು ಒಲೆಗೆ ಗಾಳಿ ತಾಗದಂತೆ ಅಡ್ಡ ಹಿಡಿದುಕೊಂಡು ನಿಂತ. ಐದನೆಯ ಸಲ ಒಲೆ ಆರಿಸಿದಾಗ ಒಣಹುಲ್ಲು ಅಲುಗಿತು. ಮೊದಲು ನೆಟ್ಟಗಿನ ಕಿವಿ ಕಾಣಿಸಿತು. ಕಿವಿಯ ತುಂಬ ಹುಲ್ಲಿನ ಮುಳ್ಳು, ಮುಂಗಾಲೊಂದನ್ನು ಊರದೆ ಕುಂಟುತ್ತಿತ್ತು. ಓಡಿ ಬಂದು ಮೈಮೇಲೆ ಬೀಳಲಿಲ್ಲ. ಕುಕ್ಕರಿಗೆ ಒಂದು ಮೊಳ ದೂರಕ್ಕೆ ಬಂದು, ಇಲ್ಲದ ಕಾರ್ಪೆಟ್ಟಿನ ಅಂಚಿನಲ್ಲಿ ಕುಳಿತು, ಮುಚ್ಚಳವನ್ನೇ ನೋಡುತ್ತಾ ಕಾದಿತು.

ಕುಕ್ಕರಿನಲ್ಲಿ ಬರೀ ನೀರಿತ್ತು. ಒಂದು ಹಿಡಿ ಅಕ್ಕಿ ಹಾಕಬೇಕೆಂದು ಕೂಡ ನನಗೆ ಹೊಳೆದಿರಲಿಲ್ಲ. ಮುಚ್ಚಳ ತೆಗೆದೆ, ಆವಿ ಹೋಯಿತು, ಅದು ನನ್ನ ಮುಖ ನೋಡಿತು, ಬೆಳಗ್ಗೆ ಮರದ ಕೆಳಗೆ ನೋಡಿದ ಹಾಗೆಯೇ. ನಾನು ಆ ಗಡಿ ದಾಟಿ ಹೋಗಿ, ಬಿಸಿ ನೆಲದ ಮೇಲೆ ಕುಳಿತು, ಜನ್ಮದಲ್ಲಿ ಮೊದಲ ಸಲ ಅದರ ತಲೆ ಮುಟ್ಟಿದೆ. ಅತ್ತೆನೋ ಇಲ್ಲವೋ ಮುದುಕನನ್ನು ಕೇಳಬೇಕು. ಅವನು ಬೇರೆ ಕಡೆ ತಿರುಗಿ ನಿಂತಿದ್ದ.

ಕೆಳಗೆ ಬಂದು ಅನ್ನಕ್ಕಿಟ್ಟೆ. ಮೂರು ಸಲ ಕೂಗಿಸಿದೆ. ಮೊಸರು ಕಲೆಸಿ ನನ್ನ ಊಟದ ತಟ್ಟೆಯಲ್ಲೇ ಇಟ್ಟೆ. ಇವರು ಆ ತಟ್ಟೆಯನ್ನೂ ನನ್ನನ್ನೂ ನೋಡಿದರು. ಮಗಳು ಮೇಜಿನ ಕೆಳಗೆ ಕುಳಿತು ಅದರ ಕಿವಿಯಿಂದ ಒಂದೊಂದೇ ಮುಳ್ಳು ಕಿತ್ತಳು. ಪಾಯಿಖಾನೆ ತೊಟ್ಟಿ ಖಾಲಿ ಮಾಡಲು ಆ ದಿನ ಸಾಲಿರಲಿಲ್ಲ. ಕೊಳವೆಯ ಇನ್ನೊಂದು ತುದಿಯನ್ನು ನಾನೇ ಹಿಡಿದುಕೊಂಡೆ.

ನಾಯಿ ಕಾರಿನಲ್ಲಿ, ಹಿಂದಿನ ಸೀಟಿನಲ್ಲಿ ಮಗಳ ತೊಡೆಯ ಮೇಲೆ ತಲೆಯಿಟ್ಟು ಮಲಗಿತ್ತು. ಲಿವರ್ಮೋರು ದಾಟಿ ಫ್ರೀವೇಗೆ ಬಂದ ಮೇಲೆ ಇವರು, ನಾಳೆಯೇ ಹೊಸ ಕೊಂಡಿ ತರುತ್ತೇನೆ, ನನ್ನ ಸೋಮಾರಿತನದಿಂದ ಎಷ್ಟು ಅನಾಹುತವಾಗುತ್ತಿತ್ತು ಎಂದರು. ಸ್ವಲ್ಪ ದೂರ ಹೋದ ಮೇಲೆ ಅದನ್ನೇ ಇನ್ನೊಮ್ಮೆ ಹೇಳಿದರು. ಆ ಮಾತು ಹಾಗೆಯೇ ಉಳಿದುಹೋಗಿದ್ದರೆ ನನಗೇನೂ ನಷ್ಟವಿರಲಿಲ್ಲ. ಆದರೆ ಕೇಳುತ್ತಾ ಕೂರಲು ಆಗಲಿಲ್ಲ.

“ಕೊಂಡಿ ಸರಿಯಾಗೇ ಇತ್ತು ರೀ,” ಎಂದೆ. “ನಾನೇ ಬಿಚ್ಚಿ ಹೋಗು ಅಂದೆ.”

ಇವರು ಸ್ಟಿಯರಿಂಗು ಹಿಡಿದುಕೊಂಡು ಮುಂದೆ ನೋಡುತ್ತಿದ್ದರು. ಹಿಂದಿನಿಂದ ಮಗಳ ದನಿ ಬಂತು. ಕೂಗಿ ಕೂಗಿ ಒಡೆದ ದನಿ, ನಾಲಿಗೆ ಹೊರಳದ ಕನ್ನಡ.

“ನಂಗೆ ಗೊತ್ತು ಅಮ್ಮ. ಟವೆಲ್‌ಗೆ ಬಂದೆ. ನೋಡ್ದೆ.”

ಬೆಳಗ್ಗೆಯಿಂದ ಅವಳಿಗೆ ಗೊತ್ತಿತ್ತು. ಅಪ್ಪ ಹಣೆ ಒತ್ತಿಕೊಂಡಾಗ, ಗುಡ್ಡದ ಮೇಲೆ ಅಷ್ಟು ಹೊತ್ತು ಕೂಗುವಾಗ, ಮೇಜಿನ ಕೆಳಗೆ ಮುಳ್ಳು ಕೀಳುವಾಗ, ಎಲ್ಲ ಗೊತ್ತಿತ್ತು. ಅಪ್ಪನಿಗೆ ಹೇಳದೆ ನನಗಾಗಿ ಕಾದಿದ್ದಳು. ನಾನು ಹಿಂದಕ್ಕೆ ತಿರುಗಲಿಲ್ಲ. ಸೀಟಿನ ಸಂದಿಯಿಂದ ಕೈ ಹಿಂದೆ ಚಾಚಿದೆ. ಅದರ ಮೇಲೆ ನಾಯಿಯ ಮೂಗು ತಾಗಿತು, ಮಗಳ ಕೈ ತಾಗಲಿಲ್ಲ.